ಕುಲುಕುವ ಬಂಡಿಯ ಅಳತೆಗೋಲು

ಮಳೆಗಾಲ ಕಳೆದ ಮೇಲೆ ಸಂಡೂರಿನ ಬೆಟ್ಟಸಾಲನ್ನು ಕಂಡವರಿಗೆ, ಹಸುರಿನ ನಡುವೆ ಮೆಟ್ಟಿಲು ಮೆಟ್ಟಿಲಾಗಿ ಇಳಿದುಹೋಗಿರುವ ಕೆಂಪು ಹೊಂಡಗಳ ನೆನಪು ಬಹುಕಾಲ ಉಳಿಯುತ್ತದೆ. ಒಂದೊಂದು ಮೆಟ್ಟಿಲನ್ನೂ ಗಣಿಯವರು ಬೆಂಚು ಎಂದು ಕರೆಯುತ್ತಾರೆ. ಅದರ ಕಡಿದಾದ ಗೋಡೆಗೆ ಫೇಸು ಎಂದೂ, ಡಂಪರುಗಳು ಅದಿರು ಹೊತ್ತು ಏರಿಬರುವ ಬಳಸುದಾರಿಗೆ ಹಾಲ್ ರೋಡು ಎಂದೂ ಅವರ ಆಡುಮಾತು. ಅಂಥದೊಂದು ಹೊಂಡದ ಅಂಚಿನಲ್ಲಿ ನಿಂತು, ನೆತ್ತಿಯ ಮೇಲೆ ಲೋಹದ ಚೌಕಟ್ಟನ್ನೂ ಅದರೊಳಗೆ ತಿರುಗುವ ಕನ್ನಡಿಯ ಪೆಟ್ಟಿಗೆಯೊಂದನ್ನೂ ಹೊತ್ತ ಜೀಪು ಕೆಂಧೂಳಿನಲ್ಲಿ ಓಲಾಡುತ್ತ ತಳಕ್ಕೆ ಇಳಿಯುವುದನ್ನು ಒಂದು ಬೆಳಗ್ಗೆ ನಾನು ನೋಡಿದೆ. ಚಾಲಕನು ಉತ್ಸವಮೂರ್ತಿಯನ್ನು ಹೊತ್ತವನಂತೆ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಬಂಡಿಯನ್ನು ನಡೆಸುತ್ತಿದ್ದನು. ಅದನ್ನು ಕಂಡು, ನನ್ನ ಪಕ್ಕದಲ್ಲಿದ್ದ ಹಿರಿಯ ಸರ್ವೇಯರು ಕೈಯಲ್ಲಿದ್ದ ವಾಕಿಟಾಕಿಯನ್ನು ಬಾಯಿಯ ಬಳಿಗೆ ತಂದು, "ನಿಧಾನ ಹೋಗಬ್ಯಾಡಪ, ದಿನಾ ಹೆಂಗ ಹೊಡಿತೀಯೋ ಹಂಗ ಹೊಡಿ" ಎಂದರು.

ಬೆಲೆಬಾಳುವ ಯಂತ್ರವನ್ನು ಹೊತ್ತ ಬಂಡಿಯನ್ನು ಕುಲುಕಿಸಬಾರದೆಂಬುದು ಲೋಕದ ನ್ಯಾಯ. ಕುಲುಕಿಸಿಯೇ ನೋಡಬೇಕೆಂಬುದು ಪರೀಕ್ಷಕನ ನ್ಯಾಯ. ಅಂದು ಅಲ್ಲಿ ನಡೆಯುತ್ತಿದ್ದುದು ಗಣಿಯ ಅಳತೆಯಾಗಿರಲಿಲ್ಲ, ಅಳೆಯುವ ಬಂಡಿಯ ಪರೀಕ್ಷೆಯಾಗಿತ್ತು. ನುಣುಪಾದ ಹೆದ್ದಾರಿಯ ಮೇಲೆ ಎರಡು ಸೆಂಟಿಮೀಟರಿನೊಳಗೆ ತಪ್ಪುವುದಿಲ್ಲವೆಂದು ಕಾಗದದ ಮೇಲೆ ಭರವಸೆ ಕೊಡುವ ಉಪಕರಣವು, ಹೊಂಡವೂ ಕಲ್ಲೂ ಗಾಲಿಯ ಕೊರಕಲೂ ತುಂಬಿದ ಈ ಗಣಿಯ ದಾರಿಯಲ್ಲಿ ತನ್ನ ಮಾತನ್ನು ಎಷ್ಟರಮಟ್ಟಿಗೆ ಉಳಿಸಿಕೊಂಡೀತು ಎಂಬುದೊಂದೇ ಅಲ್ಲಿದ್ದವರ ಪ್ರಶ್ನೆ.

ಭೂಮಿಯನ್ನು ಅಳೆಯುವ ಕೆಲಸ ನಮ್ಮ ನಾಡಿಗೆ ಹೊಸದಲ್ಲ. ಮೂವತ್ತಮೂರು ಅಡಿಯ ಸರಪಳಿಯನ್ನು ಹದಿನಾರು ಆಣೆಗಳಾಗಿ ವಿಂಗಡಿಸಿ, ಆ ಸರಪಳಿಯ ಚದರವೊಂದನ್ನು ಒಂದು ಗುಂಟೆಯೆಂದು ಲೆಕ್ಕಹಿಡಿದ ಮೋಜಣಿದಾರರನ್ನು ಹಳ್ಳಿಯ ಹಿರಿಯರು ಇನ್ನೂ ಮರೆತಿಲ್ಲ. ಅದಕ್ಕೂ ಹಿಂದೆ, 1802ರಲ್ಲಿ, ವಿಲಿಯಂ ಲ್ಯಾಂಬ್ಟನ್ ಎಂಬಾತನು ಮದರಾಸಿನ ಸೇಂಟ್ ಥಾಮಸ್ ಮೌಂಟಿನ ಬಳಿ ಉಕ್ಕಿನ ಸರಪಳಿಯಿಂದ ಸುಮಾರು ಏಳೂವರೆ ಮೈಲಿಯ ಆಧಾರರೇಖೆಯೊಂದನ್ನು ಅಳೆದು, ಅಲ್ಲಿಂದ ತ್ರಿಕೋನಗಳ ಸಾಲನ್ನು ಹೆಣೆಯುತ್ತ ಪಶ್ಚಿಮಕ್ಕೆ ಬಂದನು. 1804ರಲ್ಲಿ ಬೆಂಗಳೂರಿನ ಬಳಿ ಏಳು ಮೈಲಿಗೂ ಮೀರಿದ ಇನ್ನೊಂದು ರೇಖೆಯನ್ನು ಮತ್ತೆ ಸರಪಳಿ ಹಿಡಿದು ಅಳೆಯಲಾಯಿತು. ಆ ರೇಖೆಯ ಉದ್ದವು ತ್ರಿಕೋನಗಳ ಗಣಿತದಿಂದ ಆಗಲೇ ಸಿದ್ಧಿಸಿತ್ತು. ಹಾಗಿದ್ದೂ ಬಿಸಿಲಿನಲ್ಲಿ ಬೆವರು ಸುರಿಸಿ ಪುನಃ ಅಳೆಯುವುದೇಕೆ? ಗಣಿತವು ಹೇಳಿದ್ದನ್ನು ಗಣಿತಕ್ಕೆ ಸಂಬಂಧವಿಲ್ಲದ ಇನ್ನೊಂದು ಸಾಕ್ಷಿಯಿಂದ ಪರೀಕ್ಷಿಸುವುದಕ್ಕಾಗಿ. ಲೆಕ್ಕಕ್ಕೂ ನೆಲಕ್ಕೂ ಬಂದ ಅಂತರ ಕೆಲವೇ ಅಂಗುಲ. ಲ್ಯಾಂಬ್ಟನ್ನನ ಸಾಹಸಗಳ ಕಥೆಯನ್ನು ಹೇಳುವವರು ಬಹುಮಂದಿ. ಬೆಂಗಳೂರಿನ ಈ ಎರಡನೆಯ ಅಳತೆಯ ಔಚಿತ್ಯವನ್ನು ಎತ್ತಿ ಹೇಳುವವರು ಕಡಮೆ. ನನ್ನ ಮಟ್ಟಿಗೆ ಆತನ ದೊಡ್ಡತನವಿರುವುದು ಅಲ್ಲಿಯೇ. ಇಂದು ಜೀಪಿನ ನೆತ್ತಿಯ ಯಂತ್ರಕ್ಕೆ ಮಾಡುವ ಪರೀಕ್ಷೆಯೂ ಅದೇ ವಂಶದ್ದು.

ಗಣಿಯಲ್ಲಿ ಬಂಡಿಯ ಮೇಲಿನ ಯಂತ್ರ ಏಕೆ ಬೇಕಾಯಿತೆಂಬುದನ್ನು ತಿಳಿಯಲು ಅಲ್ಲಿನ ಸರ್ವೇಯರನ ಒಂದು ದಿನವನ್ನು ನೆನೆದರೆ ಸಾಕು. ಟೋಟಲ್ ಸ್ಟೇಷನ್ ಎಂಬ ಉಪಕರಣವನ್ನು ಮೂರುಕಾಲಿನ ಮೇಲೆ ಇಟ್ಟು ಆತನು ನೋಡುತ್ತಾನೆ. ತುದಿಯಲ್ಲಿ ಪ್ರಿಸಂ ಕಟ್ಟಿದ ಪೋಲನ್ನು ಹಿಡಿದ ಸಹಾಯಕನು ಬೆಂಚಿನ ಅಂಚಿಗೂ ಬುಡಕ್ಕೂ ನಡೆದು ನಡೆದು ನಿಲ್ಲಬೇಕು. ಅವನು ನಿಂತಲ್ಲಿ ಒಂದು ಬಿಂದು; ನಿಲ್ಲಲಾರದಲ್ಲಿ ಬಿಂದುವಿಲ್ಲ. ನಿನ್ನೆ ಸಂಜೆ ಬ್ಲಾಸ್ಟು ಮಾಡಿ ಸಡಿಲಗೊಳಿಸಿದ ಫೇಸಿನ ಬುಡದಲ್ಲಿ ನಿಲ್ಲೆಂದು ಯಾರಿಗೂ ಹೇಳಲು ನಾಲಗೆ ಬಾರದು. ಇಡೀ ದಿನ ದುಡಿದರೂ ದಕ್ಕುವುದು ಕೆಲವು ನೂರು ಬಿಂದುಗಳು, ಅವುಗಳ ನಡುವಣ ನೆಲವೆಲ್ಲ ಊಹೆ.

ಓಡುವ ಬಂಡಿಯಿಂದ ಅಳೆಯುವ ಪ್ರಯತ್ನಗಳು 1990ರ ದಶಕದ ಆರಂಭದಲ್ಲಿ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿಯೂ, ಸ್ವಲ್ಪದರಲ್ಲೇ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದಲ್ಲಿಯೂ ನಡೆದವು. ಆಗ ಬಂಡಿಯ ಮೇಲಿದ್ದುದು ಕ್ಯಾಮೆರಾ. ಲೇಸರು ಅದರ ಜಾಗಕ್ಕೆ ಬಂದದ್ದು ಅನಂತರ. ಡ್ರೋನು ಇರುವಾಗ ಜೀಪೇಕೆ ಎಂದು ಓದುಗರು ಕೇಳಬಹುದು, ಕೇಳತಕ್ಕದ್ದೇ. 2021ರ ನವೆಂಬರಿನಲ್ಲಿ ಖನಿಜ ಸಂರಕ್ಷಣಾ ನಿಯಮಗಳಿಗೆ ಮಾಡಿದ ತಿದ್ದುಪಡಿಯಂತೆ, ಐವತ್ತು ಹೆಕ್ಟೇರು ಅಥವಾ ಅದಕ್ಕೂ ಹೆಚ್ಚಿನ ಗುತ್ತಿಗೆಯವರೂ, ವರ್ಷಕ್ಕೆ ಹತ್ತು ಲಕ್ಷ ಟನ್ ಅಥವಾ ಅದಕ್ಕೂ ಮೀರಿ ಅಗೆಯುವ ಯೋಜನೆಯುಳ್ಳವರೂ ಭಾರತೀಯ ಗಣಿ ಬ್ಯೂರೋಕ್ಕೆ ಡ್ರೋನು ಸರ್ವೇಯ ಚಿತ್ರಗಳನ್ನು ಒಪ್ಪಿಸಬೇಕು. ಆದರೆ ಡ್ರೋನು ಆಕಾಶದಿಂದ ನೋಡುತ್ತದೆ. ನೆಟ್ಟನೆ ನಿಂತ ಫೇಸಿನ ಮೈ, ಹಣೆ ಮುಂದೆ ಚಾಚಿದ ಬಂಡೆಯ ಅಡಿ, ಅದಕ್ಕೆ ಓರೆಯಾಗಿ ಕಾಣುತ್ತವೆ, ಇಲ್ಲವೆ ಕಾಣುವುದೇ ಇಲ್ಲ. ಜೀಪಾದರೋ ಫೇಸಿನ ಮುಖವನ್ನು ಎದುರಿಗೆ ನಿಂತು ನೋಡುತ್ತದೆ. ಗಾಳಿಯ ಹಂಗು ಅದಕ್ಕಿಲ್ಲ. ಹೇಗೂ ದಿನವೂ ಗಣಿಯನ್ನು ಸುತ್ತುವ ಬಂಡಿ ಅದು.

ಇನ್ನು ಯಂತ್ರದ ಮರ್ಮಕ್ಕೆ ಬರೋಣ. 1960ರ ಮೇ ತಿಂಗಳಲ್ಲಿ ಥಿಯೊಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಹೊಮ್ಮಿಸಿದ ಲೇಸರ್ ಬೆಳಕಿನ ವಂಶಜವೊಂದು ಪೆಟ್ಟಿಗೆಯೊಳಗೆ ಕುಳಿತು, ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಮಿಡಿಯುತ್ತದೆ. ಮಿಡಿದ ಬೆಳಕು ಕಲ್ಲಿಗೆ ತಾಗಿ ಹಿಂದಿರುಗಲು ಹಿಡಿದ ಕಾಲವನ್ನು ಅಳೆದರೆ ಕಲ್ಲಿನ ದೂರ ಸಿಕ್ಕಿತು. ಹೇಳಲು ಇಷ್ಟು ಸುಲಭ. ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲಾದ ಒಂದು ನ್ಯಾನೊಸೆಕೆಂಡಿನಲ್ಲಿ ಬೆಳಕು ಮೂವತ್ತು ಸೆಂಟಿಮೀಟರು ಓಡುತ್ತದೆ. ಹೋಗಿಬರುವ ದಾರಿಯಾದುದರಿಂದ ಗಡಿಯಾರವು ಅಷ್ಟು ತಪ್ಪಿದರೆ ದೂರವು ಹದಿನೈದು ಸೆಂಟಿಮೀಟರು ತಪ್ಪುತ್ತದೆ. ಇಷ್ಟು ಸೂಕ್ಷ್ಮವಾದ ಗಡಿಯಾರವನ್ನು ಇಂದಿನ ತಂತ್ರಜ್ಞರು ಸಾಧಿಸಿದ್ದಾರೆ, ಆ ಭಾಗದಲ್ಲಿ ತಕರಾರಿಲ್ಲ. ಹೀಗೆ ದೊರೆತ ಕೋಟ್ಯಂತರ ಬಿಂದುಗಳು ಗಣಕದ ತೆರೆಯ ಮೇಲೆ ಗಣಿಯ ಆಕಾರವನ್ನೇ ತಾಳಿ ನಿಲ್ಲುತ್ತವೆ, ಅದನ್ನು ಬಿಂದುಮೇಘವೆನ್ನೋಣ.

ತಕರಾರು ಇರುವುದು ಬೇರೆಡೆ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಈ ಯಂತ್ರಕ್ಕಾಗಿಯೇ ಮಾಡಿದಂತಿದೆ. ಸುತ್ತಲಿನ ಕಲ್ಲು ತನ್ನಿಂದ ಎಷ್ಟು ದೂರದಲ್ಲಿದೆ, ಯಾವ ದಿಕ್ಕಿನಲ್ಲಿದೆ ಎಂಬುದನ್ನು ಅದು ಕೂದಲೆಳೆಯಷ್ಟು ನಿಷ್ಕೃಷ್ಟವಾಗಿ ಬಲ್ಲುದು. ತಾನು ಎಲ್ಲಿ ನಿಂತಿದ್ದೇನೆ, ಯಾವ ಕಡೆಗೆ ವಾಲಿದ್ದೇನೆ ಎಂಬುದನ್ನು ಅರಿಯದು. ಆ ಅರಿವನ್ನು ಇತರರು ತಂದುಕೊಡಬೇಕು. ಇಪ್ಪತ್ತು ಸಾವಿರ ಕಿಲೋಮೀಟರಿಗೂ ಮೇಲಿನ ಕಕ್ಷೆಗಳಲ್ಲಿ ಸುತ್ತುವ ಉಪಗ್ರಹಗಳ ಸಂಕೇತವನ್ನು ಹಿಡಿದು ಸ್ಥಾನವನ್ನು ಹೇಳುವ ಗ್ರಾಹಕವೊಂದು. ಬಂಡಿಯ ಓಲಾಟವನ್ನೂ ತಿರುಗುವಿಕೆಯನ್ನೂ ಸೆಕೆಂಡಿಗೆ ನೂರಾರು ಸಲ ದಾಖಲಿಸುವ ಜಡತ್ವಮಾಪಕವೊಂದು. ಗಾಲಿಯ ಸುತ್ತುಗಳನ್ನು ಎಣಿಸುವ ಎಣಿಕೆಗಾರನೊಬ್ಬ. ಮೂವರ ಹೇಳಿಕೆಗಳನ್ನೂ ತೂಗಿ ನೋಡಿ, ಯಾರ ಮಾತಿಗೆ ಯಾವ ಕ್ಷಣದಲ್ಲಿ ಎಷ್ಟು ಬೆಲೆ ಕೊಡಬೇಕೆಂದು ನಿರ್ಣಯಿಸುವ ಗಣಿತವೂ ಒಂದುಂಟು. ಹಂಗೇರಿ ಮೂಲದ ರುಡಾಲ್ಫ್ ಕಾಲ್ಮನ್ ಅದನ್ನು ಪ್ರಕಟಿಸಿದ್ದು, ಮೈಮನ್ನನ ಲೇಸರು ಬೆಳಗಿದ ಅದೇ 1960ರಲ್ಲಿ. ಒಂದೇ ವರ್ಷದ ಆ ಎರಡು ಶಿಶುಗಳು ಹೀಗೆ ಒಂದೇ ಜೀಪಿನಲ್ಲಿ ಸಂಡೂರಿನ ಹೊಂಡಕ್ಕೆ ಇಳಿಯುತ್ತಿವೆ.

ಬಯಲಿನಲ್ಲಿ ಈ ಮೂವರ ಸಂಸಾರ ಸುಗಮವಾಗಿಯೇ ನಡೆಯುತ್ತದೆ. ಹೊಂಡಕ್ಕೆ ಇಳಿದಂತೆಲ್ಲ ತೊಡಕು. ಸುತ್ತಲೂ ಎದ್ದ ಬೆಂಚುಗಳು ಆಕಾಶವನ್ನು ಕಿತ್ತುಕೊಳ್ಳುತ್ತವೆ. ಬಾವಿಯ ತಳದಿಂದ ನೋಡಿದವನಿಗೆ ಕಾಣುವಷ್ಟೇ ಆಕಾಶ, ಅದರಲ್ಲಿ ಇದ್ದಷ್ಟೇ ಉಪಗ್ರಹ. ಇದ್ದ ಸಂಕೇತವೂ ನೇರವಾಗಿ ಬಾರದೆ ಗೋಡೆಗೆ ತಾಗಿ ಬಂದರೆ, ದಾರಿ ಸುತ್ತಿ ಬಂದ ನೆಂಟನಂತೆ ಅದು ಹೇಳುವ ದೂರವು ನಿಜಕ್ಕಿಂತ ಹೆಚ್ಚು. ಆಗ ಭಾರವೆಲ್ಲ ಜಡತ್ವಮಾಪಕದ ಮೇಲೆ ಬೀಳುತ್ತದೆ. ಕಣ್ಣು ಮುಚ್ಚಿಕೊಂಡು ಹೆಜ್ಜೆ ಎಣಿಸುತ್ತ ನಡೆಯುವವನು ಮೊದಲ ಹತ್ತು ಹೆಜ್ಜೆಯಲ್ಲಿ ತಪ್ಪದಿದ್ದರೂ ನೂರನೆಯದಕ್ಕೆ ದಾರಿ ಬಿಟ್ಟಿರುವಂತೆ, ಉಪಗ್ರಹದ ನೆರವಿಲ್ಲದೆ ಕಳೆದ ಒಂದೊಂದು ನಿಮಿಷಕ್ಕೂ ಅದರ ತಪ್ಪು ಬೆಳೆಯುತ್ತ ಹೋಗುತ್ತದೆ.

ಕುಲುಕಾಟದ ಕಥೆ ಇದಕ್ಕಿಂತ ಸೂಕ್ಷ್ಮವಾದದ್ದು. ಲೇಸರಿನ ಗಡಿಯಾರಕ್ಕೂ ಜಡತ್ವಮಾಪಕದ ಗಡಿಯಾರಕ್ಕೂ ಸೆಕೆಂಡಿನ ಸಾವಿರದಲ್ಲೊಂದು ಪಾಲು ಹೊಂದಿಕೆ ತಪ್ಪಿದೆ ಎಂದಿಟ್ಟುಕೊಳ್ಳೋಣ. ಗಂಟೆಗೆ ಇಪ್ಪತ್ತು ಕಿಲೋಮೀಟರು ವೇಗದ ಬಂಡಿ ಅಷ್ಟು ಹೊತ್ತಿನಲ್ಲಿ ಸರಿಯುವುದು ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚು. ನೇರ ರಸ್ತೆಯಲ್ಲಿ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯರು. ಆದರೆ ಮುಂಗಾಲಿಯೊಂದು ಕೊರಕಲಿಗೆ ಬಿದ್ದು ಬಂಡಿಯು ಸೆಕೆಂಡಿಗೆ ಇಪ್ಪತ್ತು ಡಿಗ್ರಿಯ ರಭಸದಲ್ಲಿ ಮುಗ್ಗರಿಸಿದ ಕ್ಷಣದಲ್ಲಿ, ಅದೇ ಸಾವಿರದಲ್ಲೊಂದು ಪಾಲಿಗೆ ಬಂಡಿ ತಿರುಗುವುದು ಡಿಗ್ರಿಯ ನೂರರಲ್ಲಿ ಎರಡು ಪಾಲು. ನೂರು ಮೀಟರು ದೂರದ ಫೇಸಿನ ಮೇಲೆ ಅದು ಮೂರೂವರೆ ಸೆಂಟಿಮೀಟರಿನ ತಪ್ಪಾಗಿ ಬೀಳುತ್ತದೆ. ಚೌಕಟ್ಟಿನ ಬೋಲ್ಟೊಂದು ಕಣ್ಣಿಗೆ ಕಾಣದಷ್ಟು ಸಡಿಲವಾಗಿ, ಯಂತ್ರದ ನೋಟ ಡಿಗ್ರಿಯ ಹತ್ತರಲ್ಲೊಂದು ಪಾಲು ಓರೆಯಾದರೆ, ಅದೇ ದೂರದಲ್ಲಿ ಹದಿನೇಳು ಸೆಂಟಿಮೀಟರು ಹೋಯಿತು. ನುಣುಪಾದ ರಸ್ತೆಯು ದಾಕ್ಷಿಣ್ಯದ ನೆಂಟನಂತೆ ಈ ದೋಷಗಳನ್ನು ಕಂಡೂ ಹೇಳುವುದಿಲ್ಲ. ಗಣಿಯ ದಾರಿಗೆ ದಾಕ್ಷಿಣ್ಯವಿಲ್ಲ. ದಿನಾ ಹೊಡೆಯುವಂತೆಯೇ ಹೊಡಿ ಎಂದು ಸರ್ವೇಯರು ಹೇಳಿದ್ದು ಇದಕ್ಕೆ.

ಪರೀಕ್ಷೆಯ ವಿಧಾನ ಸರಳವಾಗಿ ತೋರುತ್ತದೆ. ಬಂಡಿ ಓಡುವ ಮೊದಲು ಗಣಿಯ ಅಲ್ಲಲ್ಲಿ ಕಪ್ಪುಬಿಳುಪಿನ ಚೌಕಗಳನ್ನು ಬಳಿದ ತಗಡುಗಳನ್ನು ಮೊಳೆ ಹೊಡೆದು ಕೂರಿಸುತ್ತಾರೆ. ಪ್ರತಿಯೊಂದರ ಸ್ಥಾನವನ್ನೂ ಟೋಟಲ್ ಸ್ಟೇಷನ್ನಿನಿಂದ, ನಿಧಾನವಾಗಿ, ಎರಡೆರಡು ಸಲ ಅಳೆದು ಬರೆದಿಡುತ್ತಾರೆ. ಬಂಡಿ ಸುತ್ತಿ ಬಂದ ಮೇಲೆ ಬಿಂದುಮೇಘದಲ್ಲಿ ಅದೇ ತಗಡುಗಳನ್ನು ಹುಡುಕಿ, ಎರಡು ಲೆಕ್ಕಗಳ ವ್ಯತ್ಯಾಸವನ್ನು ನೋಡುತ್ತಾರೆ. ಇಲ್ಲಿ ಒಂದು ಶಿಸ್ತು ಅಗತ್ಯ. ಕೆಲವು ತಗಡುಗಳನ್ನು ಬಂಡಿಯ ದಾರಿಯ ಲೆಕ್ಕವನ್ನು ತಿದ್ದಿ ನೇರಮಾಡಲು ಬಳಸುವ ಪದ್ಧತಿಯುಂಟು. ಹಾಗೆ ಬಳಸಿದ ತಗಡನ್ನು ಮತ್ತೆ ಪರೀಕ್ಷೆಗೆ ತರುವುದೆಂದರೆ, ಉತ್ತರಗಳನ್ನು ಮೊದಲೇ ತೋರಿಸಿ ಅನಂತರ ಪ್ರಶ್ನೆಪತ್ರಿಕೆ ಕೊಟ್ಟಂತೆ. ಆ ದಿನ ನಾನು ಕಂಡ ಸರ್ವೇಯರು ತಮ್ಮ ಪರೀಕ್ಷಾ ತಗಡುಗಳ ಅಂಕಿಗಳನ್ನು ರಬ್ಬರುಪಟ್ಟಿ ಹಾಕಿದ ಚಿಕ್ಕ ಪುಸ್ತಕದಲ್ಲಿ ಬರೆದು ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದರು. ಬಂಡಿಯವರು ಚಹಾ ಕೊಡಿಸಿದರೂ ಹೊರಗೆ ತೆಗೆಯಲಿಲ್ಲ. ಎಷ್ಟು ತಗಡು ಇರಬೇಕೆಂಬುದಕ್ಕೂ ನಿಯಮವುಂಟು. ಅಮೆರಿಕದ ಛಾಯಾಚಿತ್ರಮಾಪನ ಮತ್ತು ದೂರಸಂವೇದನ ಸಂಘವು ಮೊದಲು ಇಪ್ಪತ್ತು ಪರೀಕ್ಷಾಬಿಂದುಗಳು ಸಾಕೆಂದಿದ್ದುದನ್ನು 2023ರ ಆವೃತ್ತಿಯಲ್ಲಿ ಮೂವತ್ತಕ್ಕೆ ಏರಿಸಿತು.

ತಗಡಿನ ಮೇಲೆ ಅಳತೆ ಸರಿಬಂದೀತು. ಆದರೆ ಗಣಿಯೆಲ್ಲ ತಗಡಲ್ಲ. ಒರಟು ನೆಲವನ್ನು ನೆಲದ ಮೇಲೆಯೇ ಪರೀಕ್ಷಿಸಬೇಕೆಂದು ಹೊರಟಾಗ ಬರುವ ಇಕ್ಕಟ್ಟನ್ನು ಅಂದು ನಾನು ಕಣ್ಣಾರೆ ಕಂಡೆ. ಬ್ಲಾಸ್ಟಿನಲ್ಲಿ ಒಡೆದ ಅದಿರು ಹರಡಿದ ಬೆಂಚೊಂದರ ಮೇಲೆ, ಮುಷ್ಟಿಗಾತ್ರದಿಂದ ತೆಂಗಿನಕಾಯಿಗಾತ್ರದವರೆಗಿನ ಕಲ್ಲುಗಳ ನಡುವೆ, ಪೋಲು ಹಿಡಿದ ಹುಡುಗನು ಅದರ ಮೊನೆಯನ್ನು ಊರಲು ನೋಡಿದನು. ಕಲ್ಲಿನ ನೆತ್ತಿಯ ಮೇಲಿಟ್ಟರೆ ಜಾರಿತು. ಸಂದಿಯಲ್ಲಿ ಇಟ್ಟರೆ ಗೇಣುದ್ದ ಒಳಗೆ ಇಳಿಯಿತು. ಹುಡುಗನು ತಲೆಯೆತ್ತಿ, "ಅಣ್ಣಾರೆ, ಕಲ್ಲಿನ ಮ್ಯಾಲ ಇಡ್ಲಾ, ಸಂದ್ಯಾಗ ಇಡ್ಲಾ?" ಎಂದು ಕೂಗಿದನು. ಸರ್ವೇಯರು ಥಟ್ಟನೆ ಉತ್ತರ ಕೊಡಲಿಲ್ಲ. ಕೊಡುವುದೂ ಸಾಧ್ಯವಿರಲಿಲ್ಲ, ಏಕೆಂದರೆ ಹುಡುಗನು ಕೇಳಿದ್ದು ನೆಲವೆಂದರೆ ಯಾವುದು ಎಂಬ ಪ್ರಶ್ನೆಯನ್ನು.

ಲೇಸರಿನ ಕಿರಣವು ದೂರ ಹೋದಂತೆ ಅಗಲವಾಗಿ, ನೂರು ಮೀಟರಿನಲ್ಲಿ ಕೆಲವು ಸೆಂಟಿಮೀಟರಿನ ಬಿಲ್ಲೆಯಾಗುತ್ತದೆ. ಓರೆಯಾಗಿ ಬಿದ್ದಲ್ಲಿ ಬಿಲ್ಲೆಯು ಎಳೆದ ದೋಸೆಯಂತೆ ಉದ್ದವಾಗುತ್ತದೆ. ಅದು ತಾಗುವುದು ಬಹುತೇಕ ಕಲ್ಲುಗಳ ಮೇಲ್ಮೈಗೆ. ಪೋಲಿನ ಮೊನೆ ಇಳಿಯುವುದು ಸಂದಿಗೆ. ಎರಡರ ನಡುವೆ ಹತ್ತು ಸೆಂಟಿಮೀಟರಿನ ಅಂತರ ಬಂದರೆ ಅದನ್ನು ಯಂತ್ರದ ದೋಷವೆಂದು ಬರೆಯುವುದು ಅನ್ಯಾಯ. ಹಾಗೆ ಬರೆದ ವರದಿಗಳು ಇಲ್ಲದಿಲ್ಲ. ಒರಟುತನವನ್ನೂ ತಪ್ಪನ್ನೂ ಬೇರೆ ಬೇರೆಯಾಗಿ ಎಣಿಸದ ಪರೀಕ್ಷೆಯು ಯಂತ್ರವನ್ನು ಹಾಳು ಮಾಡುವುದಕ್ಕಿಂತ ಹೆಚ್ಚಾಗಿ ನಂಬಿಕೆಯನ್ನು ಹಾಳು ಮಾಡುತ್ತದೆ. ಇಳಿಜಾರಿನಲ್ಲಂತೂ ಇನ್ನೊಂದು ಮೋಸ ಕಾದಿರುತ್ತದೆ. ಎಪ್ಪತ್ತು ಡಿಗ್ರಿಯಷ್ಟು ಕಡಿದಾದ ಫೇಸಿನಲ್ಲಿ ಬಿಂದುವು ಅಡ್ಡಡ್ಡವಾಗಿ ಮೂರು ಸೆಂಟಿಮೀಟರು ಸರಿದರೆ, ಎತ್ತರದ ಲೆಕ್ಕದಲ್ಲಿ ಅದು ಎಂಟು ಸೆಂಟಿಮೀಟರಿನ ತಪ್ಪಾಗಿ ಕಾಣುತ್ತದೆ. ಎತ್ತರವನ್ನಷ್ಟೇ ಹೋಲಿಸಿದವನು ಯಂತ್ರವನ್ನು ಸುಮ್ಮನೆ ಶಪಿಸುತ್ತಾನೆ.

ಈ ಗೊಂದಲಕ್ಕೆ ಒಳ್ಳೆಯ ಪರಿಹಾರವೊಂದು ಹುಟ್ಟಿದ್ದು ಗಣಿಯಲ್ಲಲ್ಲ, ನ್ಯೂಜಿಲೆಂಡಿನ ರಂಗಿತಿಕೆ ನದಿಯ ಕೊರಕಲಿನ ಅಧ್ಯಯನದಲ್ಲಿ. ದಿಮಿತ್ರಿ ಲಾಗ್, ನಿಕೊಲಾ ಬ್ರೊದು, ಜೆರೋಮ್ ಲೆರೂ ಎಂಬ ಮೂವರು ಫ್ರೆಂಚ್ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಆ ವಿಧಾನದಲ್ಲಿ ಒಂದು ಬಿಂದುವನ್ನು ಇನ್ನೊಂದು ಬಿಂದುವಿಗೆ ಹೋಲಿಸುವುದಿಲ್ಲ. ಅಂಗೈಯಗಲದ, ಇಲ್ಲವೆ ಚಾಪೆಯಗಲದ ಒಂದು ತುಣುಕು ಮೈಯನ್ನು ಹಿಡಿದು, ಅದು ಯಾವ ಕಡೆಗೆ ಮುಖಮಾಡಿದೆಯೆಂದು ಕಂಡುಕೊಂಡು, ಆ ಮುಖದ ದಿಕ್ಕಿನಲ್ಲಿಯೇ ಎರಡು ಬಿಂದುಮೇಘಗಳ ಸರಾಸರಿ ಅಂತರವನ್ನು ಅಳೆಯುತ್ತಾರೆ. ಆ ತುಣುಕಿನ ಒರಟುತನ ಎಷ್ಟೆಂಬುದನ್ನೂ ಜೊತೆಗೆ ಲೆಕ್ಕಹಾಕಿ, ಕಂಡ ಅಂತರವು ಒರಟುತನದೊಳಗೆ ಅಡಗುವಷ್ಟು ಚಿಕ್ಕದಾದರೆ ಇದನ್ನು ವ್ಯತ್ಯಾಸವೆಂದು ಕರೆಯಲಾಗದು ಎಂದು ಹೇಳಿಬಿಡುತ್ತಾರೆ. ಹೀಗೆ ಹೋಲಿಸಬೇಕಾದರೆ ಇನ್ನೊಂದು ಬಿಂದುಮೇಘ ಬೇಕಷ್ಟೆ. ಅದಕ್ಕಾಗಿ ಮೂರುಕಾಲಿನ ಮೇಲೆ ಅಲುಗದೆ ನಿಲ್ಲುವ ಸ್ಥಿರ ಸ್ಕ್ಯಾನರಿನಿಂದ ಅದೇ ಫೇಸನ್ನು ಮೊದಲೇ ಅಳೆದಿಟ್ಟುಕೊಳ್ಳುತ್ತಾರೆ. ನಿಂತು ನೋಡಿದ್ದಕ್ಕೂ ಓಡುತ್ತ ನೋಡಿದ್ದಕ್ಕೂ ಆಗ ಮುಖಾಮುಖಿಯಾಗುತ್ತದೆ.

ಬಂಡಿಯ ಸಾಕ್ಷ್ಯವನ್ನು ಬಂಡಿಯಿಂದಲೇ ಪರೀಕ್ಷಿಸುವ ಒಂದು ಉಪಾಯವೂ ಉಂಟು, ಅದು ನನಗೆ ಬಹಳ ಹಿಡಿಸಿತು. ಒಂದೇ ದಾರಿಯಲ್ಲಿ ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ಅಳೆಯುವುದು. ಯಂತ್ರವು ಚೌಕಟ್ಟಿನಲ್ಲಿ ಬಲಕ್ಕೆ ತುಸು ವಾಲಿ ಕುಳಿತಿದ್ದರೆ, ಹೋಗುವಾಗ ಬಲಗಡೆಯಾಗಿದ್ದುದು ಬರುವಾಗ ಎಡಗಡೆಯಾಗುವುದರಿಂದ, ಒಂದೇ ಸಮತಟ್ಟು ನೆಲವು ಎರಡು ಸಲ ಎರಡು ದಿಕ್ಕಿಗೆ ಓರೆಯಾಗಿ ಕಾಣುತ್ತದೆ, ತೆರೆಯ ಮೇಲೆ ಕತ್ತರಿಯ ಎರಡು ಅಲಗಿನಂತೆ. ಆ ಕತ್ತರಿಯನ್ನು ಮುಚ್ಚಿಸುವಷ್ಟು ತಿದ್ದಿದರೆ ಓರೆ ಹೋಯಿತು. ಆದರೆ ಎರಡು ಸಲವೂ ಒಂದೇ ಕಡೆಗೆ ತಪ್ಪುವ ದೋಷ, ಉದಾಹರಣೆಗೆ ಎತ್ತರದ ಮೂಲವನ್ನೇ ತಪ್ಪಾಗಿ ಹಿಡಿದದ್ದು, ಈ ಉಪಾಯಕ್ಕೆ ಸಿಕ್ಕುವುದಿಲ್ಲ. ಉಪಗ್ರಹಗಳು ಹೇಳುವ ಎತ್ತರವು ಗಣಿತದ ಅಂಡಾಕಾರದ ಭೂಮಿಯಿಂದ ಎಣಿಸಿದ್ದು. ನಮ್ಮ ಹಳೆಯ ನಕ್ಷೆಗಳದು ಸಮುದ್ರಮಟ್ಟದಿಂದ ಎಣಿಸಿದ್ದು. ಬೆಂಗಳೂರಿನಲ್ಲಿ ಈ ಎರಡಕ್ಕೂ ಸುಮಾರು ಎಂಬತ್ತೈದು ಮೀಟರಿನ ಅಂತರ. ಅಷ್ಟು ದೊಡ್ಡ ತಪ್ಪು ಯಾರಿಗಾದರೂ ಕಂಡೀತು; ಕಾಣದೆ ನುಸುಳುವುದು ಆ ಅಂತರದ ಲೆಕ್ಕದಲ್ಲಿ ಉಳಿದ ಕೆಲವು ಸೆಂಟಿಮೀಟರುಗಳು.

ಸಂಡೂರಿನ ಅದಿರಿಗೆ ತನ್ನದೇ ಆದ ಒಂದು ತಂಟೆಯೂ ಇದೆ. ಅಲ್ಲಿನದು ಹೆಮಟೈಟು. ಕಣ್ಣಿಗೆ ಕಾಣುವ ಕೆಂಪಿನಾಚೆ, ಸುಮಾರು 850ರಿಂದ 900 ನ್ಯಾನೊಮೀಟರಿನ ಅಲೆಯುದ್ದದ ಬೆಳಕನ್ನು ಈ ಖನಿಜವು ಹೆಚ್ಚಾಗಿ ಹೀರಿಕೊಳ್ಳುತ್ತದೆ. ಅಗ್ಗದ ಸ್ಕ್ಯಾನರುಗಳಲ್ಲಿ ಬಹುಪಾಲು ಬಳಸುವ ಲೇಸರು 905 ನ್ಯಾನೊಮೀಟರಿನದು. ಸಾಲಗಾರನ ಮನೆಗೆ ಹೋದ ಹಣದಂತೆ, ಹೋದ ಬೆಳಕಿನಲ್ಲಿ ಹಿಂದಿರುಗುವುದು ಅಲ್ಪ. 1550 ನ್ಯಾನೊಮೀಟರಿನ ಯಂತ್ರಗಳಿಗೆ ಈ ಕಷ್ಟ ಕಡಮೆ; ಆದರೆ ಅವುಗಳ ಬೆಳಕನ್ನು ನೀರು ಬಲವಾಗಿ ಹೀರುವುದರಿಂದ, ಧೂಳಡಗಿಸಲೆಂದು ಟ್ಯಾಂಕರು ಆಗತಾನೆ ನೀರು ಚಿಮುಕಿಸಿ ಹೋದ ಹಾಲ್ ರೋಡಿನಲ್ಲಿ ಅವೂ ಮಂಕಾಗುತ್ತವೆ. ನೀರು ಹಾಕದಿದ್ದರೆ ಧೂಳು. ಮುಂದೆ ಹೋದ ಡಂಪರು ಎಬ್ಬಿಸಿದ ಕೆಂಧೂಳಿಗೆ ತಾಗಿ ಹಿಂದಿರುಗಿದ ಬೆಳಕು, ಬಯಲಿನ ನಡುವೆ ಇಲ್ಲದ ಗುಡ್ಡವೊಂದನ್ನು ಕಟ್ಟಿ ತೋರಿಸುತ್ತದೆ. ಒಂದೇ ಮಿಡಿತದ ಹಲವು ಪ್ರತಿಧ್ವನಿಗಳಲ್ಲಿ ಕೊನೆಯದನ್ನು ಮಾತ್ರ ನಂಬುವುದರಿಂದ ಈ ಭ್ರಮೆ ಬಹುಮಟ್ಟಿಗೆ ಹೋಗುತ್ತದೆ. ಅದಕ್ಕೂ ಮೊದಲು ಮಾಡತಕ್ಕ ಕೆಲಸವೊಂದಿದೆ: ಪ್ರತಿ ಸುತ್ತಿನ ಕೊನೆಗೆ ಸಹಾಯಕನು ಜೀಪಿನ ಮೇಲೆ ಹತ್ತಿ, ಬಾಟಲಿಯ ನೀರು ಹನಿಸಿ, ಮೆತ್ತನೆಯ ಬಟ್ಟೆಯಿಂದ ಯಂತ್ರದ ಗಾಜನ್ನು ಒರೆಸುತ್ತಿದ್ದನು. ಬಟ್ಟೆ ಪ್ರತಿಸಲವೂ ಕುಂಕುಮ ಹಚ್ಚಿದಂತಾಗುತ್ತಿತ್ತು.

ಇಷ್ಟೆಲ್ಲ ನಡೆದ ಮೇಲೆ ವರದಿಯಲ್ಲಿ ಬರೆಯುವುದು ಒಂದು ಅಂಕಿ. ತಪ್ಪುಗಳನ್ನೆಲ್ಲ ವರ್ಗಮಾಡಿ, ಸರಾಸರಿ ತೆಗೆದು, ವರ್ಗಮೂಲ ಹಿಡಿದರೆ ಬರುವ ಅಂಕಿ ಅದು. ಲೋಕವೆಲ್ಲ ಅದನ್ನೇ ನಿಖರತೆಯೆಂದು ಕರೆಯುತ್ತದೆ. ನನಗೆ ಆ ಒಂಟಿ ಅಂಕಿಯ ಮೇಲೆ ಪೂರ್ತಿ ವಿಶ್ವಾಸವಿಲ್ಲ. ನಾಲ್ಕು ತಗಡುಗಳಲ್ಲಿ ಯಂತ್ರವು ಎರಡು ಸಲ ಐದು ಸೆಂಟಿಮೀಟರು ಮೇಲಕ್ಕೂ ಎರಡು ಸಲ ಐದು ಕೆಳಕ್ಕೂ ತಪ್ಪಿದರೆ ಅಂಕಿ ಐದು; ನಾಲ್ಕು ಸಲವೂ ಐದು ಮೇಲಕ್ಕೇ ತಪ್ಪಿದರೂ ಅಂಕಿ ಐದು. ಕಣದಲ್ಲಿ ರಾಶಿ ಅಳೆಯುವುದನ್ನು ನೋಡಿದ ರೈತನಿಗೆ ಇವೆರಡರ ಭೇದವನ್ನು ವಿವರಿಸಬೇಕಾಗಿಲ್ಲ. ಅಳೆಯುವವನ ಕೈ ಒಮ್ಮೆ ತುಸು ಹೆಚ್ಚು, ಒಮ್ಮೆ ತುಸು ಕಡಮೆ ತುಂಬಿದರೆ ನೂರು ಕೊಳಗ ಮುಗಿಯುವಷ್ಟರಲ್ಲಿ ಅದು ಸರಿದೂಗುತ್ತದೆ. ಕೊಳಗದ ತಳವೇ ಒಳಕ್ಕೆ ತಗ್ಗಿದ್ದರೆ ನೂರು ಕೊಳಗಕ್ಕೂ ನೂರು ಪಾಲು ನಷ್ಟ, ಸರಿದೂಗುವ ಮಾತೇ ಇಲ್ಲ.

ಗಣಿಯ ಲೆಕ್ಕಕ್ಕೆ ಇದನ್ನು ಅನ್ವಯಿಸಿ ನೋಡೋಣ. ಹತ್ತು ಹೆಕ್ಟೇರು ನೆಲದ ಮಟ್ಟವನ್ನು ಯಂತ್ರವು ಎಲ್ಲೆಡೆಯೂ ಐದೇ ಐದು ಸೆಂಟಿಮೀಟರು ಮೇಲಕ್ಕೆ ಹಿಡಿದರೆ ಐದು ಸಾವಿರ ಘನಮೀಟರಿನ ತಪ್ಪಾಯಿತು. ಘನಮೀಟರಿಗೆ ಎರಡೂವರೆ ಟನ್ ಅದಿರೆಂದು ಇಟ್ಟುಕೊಂಡರೆ ಹನ್ನೆರಡೂವರೆ ಸಾವಿರ ಟನ್, ಇಪ್ಪತ್ತೈದು ಟನ್ನಿನ ಲಾರಿಗಳಲ್ಲಿ ಐನೂರು ಲಾರಿ. ಆದರೆ ಅಗೆಯುವ ಮೊದಲೊಮ್ಮೆ, ಅಗೆದ ಮೇಲೊಮ್ಮೆ ಅಳೆದು ಕಳೆಯುವಾಗ ಎರಡು ಸಲವೂ ಯಂತ್ರವು ಒಂದೇ ರೀತಿಯಾಗಿ ತಪ್ಪಿದ್ದರೆ ತಪ್ಪು ತನ್ನಷ್ಟಕ್ಕೆ ಕಳೆದುಹೋಗುತ್ತದೆ; ಒಂದೇ ಕೊಳಗದಿಂದ ಸಾಲ ಕೊಟ್ಟು ಅದರಿಂದಲೇ ಹಿಂದಕ್ಕೆ ಪಡೆದಂತೆ. ದುರ್ದೈವವೆಂದರೆ ಉಪಗ್ರಹಗಳು ಎರಡು ದಿನ ಒಂದೇ ಜಾಗದಲ್ಲಿ ನಿಂತಿರುವುದಿಲ್ಲ, ಆಳವಾದ ಹೊಂಡದಲ್ಲಿ ಇಂದಿನ ತಪ್ಪು ನಾಳೆಯದಾಗಿರುವುದಿಲ್ಲ. ಆದುದರಿಂದ ಒಂದೇ ಸುತ್ತಿನ ಪರೀಕ್ಷೆಯಿಂದ ತೃಪ್ತರಾಗದೆ, ಬೆಳಗ್ಗೆ, ನಡುಹಗಲು, ಮರುದಿನ ಎಂದು ಬೇರೆ ಬೇರೆ ಹೊತ್ತಿನಲ್ಲಿ ಬಂಡಿಯನ್ನು ಓಡಿಸುತ್ತಾರೆ. ಫೇಸಿನಲ್ಲಿ ಬಿರುಕು ಬೆಳೆಯುತ್ತಿದೆಯೆ ಎಂದು ಕಾಯುವವನಿಗಾದರೋ ಬೇರೆಯೇ ಆದ ಅಪೇಕ್ಷೆ. ಇಡೀ ಗಣಿಯೇ ಐದು ಸೆಂಟಿಮೀಟರು ಮೇಲಕ್ಕೆ ಕಂಡರೂ ಅವನಿಗೆ ಚಿಂತೆಯಿಲ್ಲ. ಅಕ್ಕಪಕ್ಕದ ಎರಡು ಬಂಡೆಗಳ ನಡುವಣ ಅಂತರ ಸರಿಯಾಗಿರಬೇಕು.

ಬಳ್ಳಾರಿ ಸೀಮೆಯ ಓದುಗರಿಗೆ ಗಡಿಯ ಅಳತೆಯ ಮಹತ್ವವನ್ನು ಹೇಳಹೊರಡುವುದು ಅಧಿಕಪ್ರಸಂಗವಾದೀತು. ಧಾರವಾಡದ ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 2011ರ ಜುಲೈಯಲ್ಲಿ ಆ ಜಿಲ್ಲೆಯ ಗಣಿಗಳನ್ನು ನಿಲ್ಲಿಸಿತು. ಜಂಟಿ ತಂಡವು ಒಂದೊಂದು ಗುತ್ತಿಗೆಯನ್ನೂ ಅಳೆಯಿತು. 2013ರ ಏಪ್ರಿಲಿನ ತೀರ್ಪಿನಲ್ಲಿ ಗಣಿಗಳನ್ನು ಎ, ಬಿ, ಸಿ ಎಂದು ಮೂರು ವರ್ಗವಾಗಿ ವಿಂಗಡಿಸಿದ್ದು ಊರ್ಜಿತವಾಯಿತು. ಗುತ್ತಿಗೆಯ ಗಡಿಯಾಚೆ ಅಗೆದ ಹೊಂಡವು ಗುತ್ತಿಗೆಯ ವಿಸ್ತೀರ್ಣದ ಶೇಕಡಾ ಹತ್ತನ್ನು, ಅಥವಾ ಆಚೆ ಸುರಿದ ಮಣ್ಣಿನ ಡಂಪು ಶೇಕಡಾ ಹದಿನೈದನ್ನು ಮೀರಿದ್ದರೆ ಆ ಗಣಿ ಸಿ ವರ್ಗಕ್ಕೆ ಸೇರಿತು, ಅದರ ಗುತ್ತಿಗೆ ಹೋಯಿತು. ಒಂಬತ್ತೂವರೆಗೂ ಹತ್ತೂವರೆಗೂ ನಡುವಣ ಅಂತರದಲ್ಲಿ ಒಂದು ಉದ್ಯಮದ ಉಳಿವು ಅಳಿವು ನಿಂತಿತ್ತು. ಅಂಥ ಸಂದರ್ಭದಲ್ಲಿ ಅಳತೆಗೋಲು ಎಷ್ಟು ತಪ್ಪುತ್ತದೆಂದು ಕೇಳುವ ಹಕ್ಕು ಗಣಿಯವನಿಗೂ ಉಂಟು, ಗಣಿಯ ವಿರುದ್ಧ ನಿಂತವನಿಗೂ ಉಂಟು.

ಆ ದಿನದ ಸಂಜೆ ಸೈಟ್ ಆಫೀಸಿನ ತಗಡಿನ ಮಾಡಿನ ಕೆಳಗೆ ಲ್ಯಾಪ್‌ಟಾಪಿನ ಮುಂದೆ ಎಲ್ಲರೂ ಸೇರಿದೆವು. ಸರ್ವೇಯರು ಜೇಬಿನಿಂದ ಪುಸ್ತಕ ತೆಗೆದು, ರಬ್ಬರುಪಟ್ಟಿಯನ್ನು ಮುಂಗೈಗೆ ಏರಿಸಿಕೊಂಡು, ಒಂದೊಂದೇ ಅಂಕಿಯನ್ನು ಓದಿ ಹೇಳುತ್ತ ಹೋದರು; ಬಂಡಿಯ ತಂಡದ ಹುಡುಗಿ ತನ್ನ ಅಂಕಿಯನ್ನು ಓದುತ್ತ ಹೋದಳು. ಹತ್ತಿರ ಹತ್ತಿರವೇ ಬರುತ್ತಿದ್ದವು. ಮೂರನೆಯ ಬೆಂಚಿನ ತಗಡಿಗೆ ಬಂದಾಗ ಅವಳು ಓದಿದ ಅಂಕಿ ಒಂದು ಮೊಳದಷ್ಟು ದೂರ ಹೋಯಿತು. ಅವಳು ಎರಡು ಸಲ ಓದಿದಳು. ಸರ್ವೇಯರೂ ಎರಡು ಸಲ ಓದಿದರು. ಆಕಾಶ ಕಡಮೆ ಕಾಣುವ ಮೂಲೆಯಾದ್ದರಿಂದ ಉಪಗ್ರಹದ ತೊಂದರೆ ಇರಬೇಕೆಂದು ಒಬ್ಬರು, ಕೊರಕಲಿಗೆ ಬಿದ್ದಾಗ ಚೌಕಟ್ಟು ಅಲುಗಿರಬೇಕೆಂದು ಒಬ್ಬರು ವಾದಿಸಿದರು. ಸರ್ವೇಯರು ಯಾವುದನ್ನೂ ಒಪ್ಪದೆ, ಬಿಡದೆ, ಟಾರ್ಚು ಹಿಡಿದು ಹುಡುಗನೊಡನೆ ಕೆಳಗೆ ಇಳಿದು ಹೋದರು. ಅರ್ಧ ಗಂಟೆಯ ಮೇಲೆ ಅವರು ಹಿಂದಿರುಗಿದಾಗ ಹುಡುಗನ ಕೈಯಲ್ಲಿ ತಗಡು ಇತ್ತು. ಅದು ಎರಡಾಗಿ ಮಡಚಿಹೋಗಿ, ಅದರ ಕಪ್ಪುಬಿಳುಪು ಚೌಕಗಳ ಮೇಲೆ ಡಂಪರಿನ ಟೈರಿನ ಅಚ್ಚು ಕೆಂಪಾಗಿ ಮೂಡಿತ್ತು. ನಡುಹಗಲಿನಲ್ಲಿ ಯಾವುದೋ ಡಂಪರು ಹಿಂದೆ ಸರಿಯುವಾಗ ಅದರ ಮೇಲೆ ಹತ್ತಿ ಎಳೆದುಕೊಂಡು ಹೋಗಿತ್ತು. ಬಂಡಿಯು ತಗಡನ್ನು ಕಂಡಿದ್ದುದು ಅದು ಇದ್ದಲ್ಲಿಯೇ. ಸರ್ವೇಯರು ಪುಸ್ತಕದಲ್ಲಿ ಆ ಸಾಲನ್ನು ಹೊಡೆದುಹಾಕದೆ, ಪಕ್ಕದಲ್ಲಿ ಕಾರಣವನ್ನೂ ಹೊತ್ತನ್ನೂ ಬರೆದು, ರಬ್ಬರುಪಟ್ಟಿಯನ್ನು ಮತ್ತೆ ಹಾಕಿ ಜೇಬಿಗೆ ಸೇರಿಸಿದರು.